ಬಾಗಿಲಲ್ಲಿ ನಿಂತ ಹೆಜ್ಜೆ

"ನಮ್ಮಮ್ಮನ ಹೆಜ್ಜೆ ಸದ್ದು ಎಲ್ಲಿ?"

ಸ್ಟುಡಿಯೋ ಬಾಗಿಲು ತಳ್ಳಿಕೊಂಡು ಬಂದ ಯುವ ನಿರ್ದೇಶಕನ ಮೊದಲ ಮಾತೇ ಅದು!

ಅವಳು ಬೆಚ್ಚಿ ಎದ್ದು ನಿಂತಳು. ಸಿನಿಮಾದಲ್ಲಿ ಬರುವವರ ನಡಿಗೆ, ಸೀರೆಯ ಸರಬರ, ಪಾತ್ರೆಯ ಸದ್ದು ಎಲ್ಲವನ್ನೂ ಮೈಕಿನ ಮುಂದೆ ಮಾಡಿಕೊಡುವ, ಬೇಡದ ಸದ್ದನ್ನು ಅಳಿಸುವ ಹುಡುಗಿ ಅವಳು. ತಾನು ಮಾತ್ರ ಸದ್ದೇ ಮಾಡುತ್ತಿರಲಿಲ್ಲ; ಯಾವ ಕೋಣೆಗೆ ಹೋದರೂ ಮೊದಲು ಬಾಗಿಲಲ್ಲೇ ನಿಂತುಬಿಡುತ್ತಿದ್ದಳು. ಎಲ್ಲರೂ ಗಪ್‌ಚಿಪ್ ಎಂದೇ ಕರೆಯುತ್ತಿದ್ದರು.

"ಅಡುಗೆಮನೆ ಸೀನು ನಮ್ಮನೇಲೇ ತೆಗೆದಿದ್ದು. ನಾಯಕಿ ಮಾತಾಡ್ತಿದ್ರೆ ಹಿಂದಿನ ರೂಮಲ್ಲಿ ಅಮ್ಮ ಓಡಾಡ್ತಿದ್ಲು. ಹೋದ ತಿಂಗಳು ತೀರಿಕೊಂಡ್ಲು... ನನಗೆ ಉಳಿದಿರೋದು ಅದೊಂದೇ."

ಆ ಸದ್ದನ್ನು ಅಳಿಸಿದ್ದು ಅವಳೇ! ಮಾತಿಗೆ ಅಡ್ಡ ಬರುತ್ತದೆಂದು ಒಂದೊಂದೇ ಹೆಜ್ಜೆ ಕತ್ತರಿಸಿ, ಮೂಲ ಫೈಲಿನ ಮೇಲೇ ಸೇವ್ ಮಾಡಿಬಿಟ್ಟಿದ್ದಳು. ಬೇರೆ ಕಾಪಿ ಇರಲಿಲ್ಲ.

"ಇದೆ ಸರ್... ನಾಳೆ ಕೊಡ್ತೀನಿ."

ಅಯ್ಯೋ, ಏನೆಂದುಬಿಟ್ಟೆ!

ಅಳಿಸುವಾಗ ಮತ್ತೆ ಮತ್ತೆ ಕೇಳಿದ್ದ ನಡಿಗೆ ಕಿವಿಯಲ್ಲೇ ಕೂತಿತ್ತು. ಬಲಗಾಲು ಗಟ್ಟಿ, ಎಡಗಾಲಿನದು ಸಣ್ಣ ಎಳೆತ. ಸವೆದ ರಬ್ಬರ್ ಚಪ್ಪಲಿ ಹುಡುಕಿ ಹಾಕಿಕೊಂಡು, ಮೈಕಿನ ಮುಂದಿನ ಕಲ್ಲಿನ ಮೇಲೆ, ಆ ಹಿಂದಿನ ರೂಮಿನ ಬಾಗಿಲವರೆಗೆ ಎಂಬಂತೆ, ಹಾಗೇ ನಡೆದಳು.

ಮರುದಿನ ಅವನು ಕಣ್ಣು ಮುಚ್ಚಿ ಕೇಳಿದ. ಕೆನ್ನೆ ಒದ್ದೆಯಾಯಿತು. ಎದ್ದು ಹೋದ.

ಆಮೇಲೆ ದಿನಾ ಬರತೊಡಗಿದ. ಮೊದಮೊದಲು ಮುಖ ಬಿಗಿದುಕೊಂಡು, ನಂತರ ಕೈಯಲ್ಲಿ ಟೀ ಹಿಡಿದುಕೊಂಡು.

"ಏನೇ ಗಪ್‌ಚಿಪ್, ಇವರು ಬರೋದು ಸೌಂಡ್ ಕೇಳೋಕೋ, ನಿನ್ನ ಮುಖ ನೋಡೋಕೋ?" ಎಲ್ಲ ಸದ್ದನ್ನೂ ಬೆರೆಸುವ ಮಿಕ್ಸಿಂಗ್ ಅಣ್ಣ ರೇಗಿಸುತ್ತಿದ್ದ.

ಅವಳು ಟೀ ಲೋಟ ಪಕ್ಕಕ್ಕಿಟ್ಟುಬಿಡುತ್ತಿದ್ದಳು. ಈ ನಗು, ಈ ಸಲಿಗೆ... ಎಲ್ಲ ಒಂದು ಸುಳ್ಳಿಗೆ ಸಿಕ್ಕಿದ್ದು! ನಿಜ ಗೊತ್ತಾದರೆ ನನ್ನ ಮುಖ ನೋಡುತ್ತಾನೆಯೇ?

ಮಿಕ್ಸಿಂಗ್ ಮುಗಿದ ಸಂಜೆ ಅವನು ಮೆಲ್ಲಗೆ ಕೇಳಿದ. "ನಮ್ಮನೆಗೆ ಬರ್ತೀಯಾ? ಯಾವಾಗಲಾದರೂ ಅಲ್ಲ... ಯಾವಾಗಲೂ ಇರೋಕೆ."

ಅವಳು ಕಾದಿದ್ದ ಮಾತು ಅದೇ. ಆದರೂ ಹಿಂದೆ ಸರಿಯುತ್ತ ಬಾಗಿಲವರೆಗೂ ಹೋಗಿಬಿಟ್ಟಳು.

"ಅದು ನಿಮ್ಮಮ್ಮನ ಹೆಜ್ಜೆ ಅಲ್ಲ ಸರ್! ನಾನೇ ಅಳಿಸಿಬಿಟ್ಟೆ. ನೀವು ಕೇಳಿದ್ದು ನನ್ನ ನಡಿಗೆ... ನಾನು ಮೋಸಗಾತಿ!"



"ಗೊತ್ತು" ಎಂದ ಅವನು.

"ಏನು?!"

"ಮೊದಲ ದಿನವೇ ಗೊತ್ತಾಯ್ತು. ಆ ಹೆಜ್ಜೆ ಬಾಗಿಲ ಹತ್ತಿರ ಬಂದು ನಿಂತುಬಿಡ್ತು. ನಮ್ಮಮ್ಮ ಜನ್ಮದಲ್ಲಿ ಬಾಗಿಲಲ್ಲಿ ನಿಂತೋಳಲ್ಲ, ನೇರ ಒಳಗೆ ನುಗ್ಗೋಳು. ಬಾಗಿಲಲ್ಲಿ ನಿಲ್ಲೋದು ನೀನು."

"ಮತ್ತೆ... ಅತ್ತಿದ್ದು?"

"ಅಮ್ಮ ಎಡಗಾಲು ಎಳೀತಾಳೆ ಅಂತ ನಮ್ಮನೇಲಿ ಯಾರೂ ಗಮನಿಸಿರಲಿಲ್ಲ. ನಾನೂ ಕೂಡ. ಆವತ್ತು ಕೇಳಿದಾಗಲೇ ಹೌದಲ್ಲ ಅನ್ನಿಸ್ತು. ನೀನು ಕೇಳಿಸಿಕೊಂಡಿದ್ದೆ." ಅವನ ದನಿ ಒಡೆಯಿತು. "ಸಿಟ್ಟೂ ಬಂತು. ನಿಜ ಹೇಳ್ತೀಯಾ ಅಂತ ನೋಡೋಕೇ ಬರ್ತಿದ್ದೆ."

"ಆಮೇಲೆ?"

"ಆಮೇಲೆ ನಿನಗೋಸ್ಕರ ಬಂದೆ."

"ಕಳೆದದ್ದನ್ನ ತಂದುಕೊಡೋಕೆ ನನ್ನಿಂದ ಆಗಲ್ಲ..."

"ಆಗಲ್ಲ. ಆ ನೋವು ಇರುತ್ತೆ. ನನ್ನ ಜೊತೆ ನೀನೂ ಇರು." ಅವನು ಕೈ ಚಾಚಿದ. "ಬಾಗಿಲಲ್ಲೇ ನಿಲ್ಲಬೇಡ. ಒಳಗೆ ಬಾ."

ಅವಳು ಕಣ್ಣೊರೆಸಿಕೊಂಡಳು. "ಎಡಗಾಲು ಎಳೀಲಾ?"

"ಬೇಡ ಕಣೇ... ನಿನ್ನ ನಡಿಗೇಲೇ ಬಾ."