ಅಮ್ಮನ ಅಂಗಿಗೆ ಮತ್ತೆ ಗುಂಡಿ

"ಪೇಷಂಟ್ ನೀವೇನಾ? ಕೂತ್ಕೊಳ್ಳಿ, ಕೂತ್ಕೊಳ್ಳಿ!"

ಬಾಗಿಲು ತೆರೆದವಳಿಗೆ ಮೈಯೆಲ್ಲ ಉರಿದುಹೋಯಿತು. ಬಂದವನು ಫಿಸಿಯೋ. ಲಕ್ವ ಹೊಡೆದು ಬಲಗೈ ಸೋತಿದ್ದ ಅಮ್ಮನಿಗೆ ವ್ಯಾಯಾಮ ಮಾಡಿಸಬೇಕಾದವನು. ಇವಳು ಮನೆಯಲ್ಲೇ ಬಟ್ಟೆ ಹೊಲಿಯುವ ಟೈಲರ್. ಕೆದರಿದ ಕೂದಲು, ಕಣ್ಣ ಕೆಳಗೆ ಕಪ್ಪು, ಸಂಜೆಯಾದರೂ ಬಾಯಿಗೆ ತುತ್ತು ಬಿದ್ದಿರಲಿಲ್ಲ... ಪಾಪ, ಅವನ ತಪ್ಪೇನು ಹೇಳಿ!

"ಪೇಷಂಟ್ ನಮ್ಮಮ್ಮ!"

ಒಳಗಿನಿಂದ ಅಮ್ಮ ಕಿಸಕ್ಕನೆ ನಕ್ಕಳು. "ಪರವಾಗಿಲ್ಲ ಡಾಕ್ಟ್ರೇ, ಅವಳನ್ನೂ ಒಂದ್ಸಲ ನೋಡ್ಬಿಡಿ!"

ಅಮ್ಮನ ಅಂಗಿ ನೋಡಿ ಅವನು ಹುಬ್ಬೇರಿಸಿದ. ಒಂದೂ ಗುಂಡಿಯಿಲ್ಲ! ಅಮ್ಮ ಒದ್ದಾಡಬಾರದೆಂದು ಮಗಳು ಎಲ್ಲ ಕಿತ್ತು, ಒತ್ತಿದರೆ ಅಂಟುವ ಪಟ್ಟಿ ಹೊಲಿದಿದ್ದಳು. ಅದನ್ನು ಒತ್ತುವವಳೂ ಅವಳೇ, ಊಟ ತಿನ್ನಿಸುವವಳೂ ಅವಳೇ.

"ಗುಂಡಿ ವಾಪಸ್ ಹಾಕಿ. ಆ ಬೆರಳಿಗೆ ಕೆಲಸ ಬೇಕು. ಇನ್ನು ನೀವು... ದಿನಾ ಸಂಜೆ ನಾನು ಬಂದ ಕೂಡ್ಲೇ ಹೊರಗೆ ಹೋಗ್ಬೇಕು."

"ಎಲ್ಲಿಗೆ?"

"ನಿಮಗೆ ಎಲ್ಲಿಗೆ ಇಷ್ಟಾನೋ ಅಲ್ಲಿಗೆ."

ಇಷ್ಟ! ಆ ಮಾತು ಕೇಳಿ ಎಷ್ಟು ಕಾಲವಾಗಿತ್ತು... ಒಂದಾನೊಂದು ಕಾಲದಲ್ಲಿ ಅವಳಿಗೆ ಈಜು ಅಂದರೆ ಪ್ರಾಣ. ಗೊಣಗುತ್ತಲೇ ಗುಂಡಿ ಹೊಲಿದಳು, ಗೊಣಗುತ್ತಲೇ ಈಜುಕೊಳಕ್ಕೆ ಹೋದಳು. ಬರುವಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ತಟ್ಟೆ ತುಂಬ ಉಂಡು ಗೊರಕೆ ಹೊಡೆದಳು!

ಹೀಗೇ ದಿನಗಳು ಉರುಳಿದವು.

"ಮುಖಕ್ಕೆ ಕಳೆ ಬಂದಿದೆ," ಎಂದ ಅವನು ಒಂದು ಸಂಜೆ.

"ಮೊದಲೂ ನೋಡ್ತಿದ್ರಾ?"

"ದಿನಾ ನೋಡ್ತಿದ್ದೆ. ಅದಕ್ಕೇ ಗೊತ್ತಾಗಿದ್ದು."

ಅವಳು ಟವೆಲ್ಲನ್ನೂ ಮರೆತು ಈಜುಕೊಳಕ್ಕೆ ಓಡಿದಳು.

ಆದರೆ ಮರುದಿನ ಈಜುಕೊಳ ಮುಚ್ಚಿತ್ತು. ಬೇಗ ಮರಳಿದವಳ ಕಿವಿಗೆ ಬಾಗಿಲಲ್ಲೇ ಅಮ್ಮನ ಮಾತು ಬಿತ್ತು.

"ಅವಳು ಮನೇಲಿಲ್ದಾಗ್ಲೇ ನನಗೆ ಹಾಯಿ ಡಾಕ್ಟ್ರೇ."

"ಶ್! ಅವರಿಗೆ ಈಗ್ಲೇ ಗೊತ್ತಾಗೋದು ಬೇಡ."

ಅಯ್ಯೋ! ತನ್ನನ್ನು ಹೊರಗೆ ಅಟ್ಟಿದ್ದು ಇದಕ್ಕಾ? ಅವಳು ನುಗ್ಗಿದಳು. "ನಾಳೆಯಿಂದ ನೀವು ಬರೋದು ಬೇಡ!"

ಅವಳ ಕಣ್ಣೀರು ಕಂಡು ಅವನು ತನ್ನ ಚೀಲ ಎತ್ತಿಕೊಂಡು ಹೊರನಡೆದ.

"ಅಮ್ಮಾ... ನಾನು ನಿನಗೆ ಬೇಡವಾದ್ನಾ?"

ಅಮ್ಮ ಬಲಗೈ ಎತ್ತಿ, ತುಟಿ ಕಚ್ಚಿ, ನಡುಗುವ ಬೆರಳಿಂದ ತನ್ನ ಅಂಗಿಯ ಗುಂಡಿಯೊಂದನ್ನು ತಾನೇ ಹಾಕಿದಳು!

"ನೀನಿದ್ರೆ ಓಡಿ ಬಂದು ಹಾಕ್ಬಿಡ್ತೀಯಲ್ಲೇ ಪೆದ್ದಿ! ಎಲ್ಲಾ ಗುಂಡಿ ಹಾಕೋದು ಕಲಿತು ನಿನಗೆ ತೋರಿಸೋಣ ಅಂತಿದ್ವಿ. ನೀನು ಸೊರಗ್ತಾ ಇದ್ರೆ ನಾನು ಯಾವ ಸುಖಕ್ಕೆ ಚೇತರಿಸ್ಕೊಳ್ಳಲಿ?"

ಅಮ್ಮನನ್ನು ತಬ್ಬಿ ಅತ್ತು, ಬರಿಗಾಲಲ್ಲೇ ಬೀದಿಗೆ ಓಡಿದಳು. ಅವನಿನ್ನೂ ಗೇಟಿನ ಬಳಿಯೇ ನಿಂತಿದ್ದ.

"ಬರಬೇಡಿ ಅಂದ್ನಲ್ಲ... ತಪ್ಪಾಯ್ತು. ಬನ್ನಿ."

"ಅಮ್ಮನಿಗೆ ಇನ್ನು ಜಾಸ್ತಿ ದಿನ ನನ್ನ ಅಗತ್ಯ ಇರಲ್ಲ."

"ಅಮ್ಮನಿಗಲ್ಲ! ನನಗೆ... ನನಗೆ ನೀವು ಬೇಕು."

ಅವನು ಒಂದು ಹೆಜ್ಜೆ ಹತ್ತಿರ ಬಂದ. ಅವನ ಅಂಗಿಯ ಗುಂಡಿಯೊಂದು ಜೋತಾಡುತ್ತಿತ್ತು. ಅವಳ ಕೈ ತಾನಾಗಿ ಅತ್ತ ಹೋಯಿತು. "ಕೊಡಿ, ಹೊಲಿದು ಕೊಡ್ತೀನಿ."

"ಬೇಡ. ಇದು ನಿಮ್ಮ ಸಂಜೆ."

ಕಿಟಕಿಯಿಂದ ಅಮ್ಮ ಕೂಗಿದಳು. "ಆ ಅಂಗಿ ನಾಳೆ ನನಗೆ ಕೊಡಿ, ಈ ಬೆರಳಿಗೂ ಕೆಲಸ ಬೇಕು! ನೀವು ಬರೋತನಕ ಪಕ್ಕದ್ಮನೆಯವಳನ್ನ ಜೊತೆಗೆ ಕರ್ಕೋತೀನಿ. ಚಪ್ಪಲಿ ಹಾಕ್ಕೊಂಡು ಇಬ್ರೂ ಹೊರಡಿ!"

"ಎಲ್ಲಿಗೆ?" ಎಂದ ಅವನು, ನಗು ತಡೆಯಲಾಗದೆ.

"ನಿಮಗೆ ಎಲ್ಲಿಗೆ ಇಷ್ಟಾನೋ ಅಲ್ಲಿಗೆ!" ಎಂದು ಅವಳು ಅವನ ಮಾತನ್ನೇ ಅವನಿಗೆ ತಿರುಗಿಸಿದಳು.

"ನನಗೆ ಇಷ್ಟವಾದೋರು ಇಲ್ಲೇ ನಿಂತಿದಾರಲ್ಲ..."

ಅವಳು ಕೆಂಪಾಗಿ ಅವನ ಕೈ ಹಿಡಿದಳು. "ಹಾಗಾದ್ರೆ ಮೊದ್ಲು ಊಟಕ್ಕೆ ಹೋಗೋಣ. ನನಗೆ ತುಂಬಾ ಹಸಿವಾಗ್ತಿದೆ!"