ಕಂಬಕ್ಕೂ ಹುಟ್ಟಿಗೂ ಒಂದೇ ಬೆಳಕು

"ನಿನ್ನ ಕೆಲಸ ಮಾರೋದು. ಯಾರಿಗೆ ಯಾವುದು ಯೋಗ್ಯ ಅಂತ ತೂಗೋದಲ್ಲ. ನಮ್ಮ ದೋಣೀಲಿ ದಿನಾ ಕೂತು ನಮ್ಮನ್ನೇ ತೂಗ್ತೀಯಾ, ಮೂಗಪ್ಪ?"

ಟಾರ್ಚ್ ಅಂಗಡಿ ತುಂಬ ಜನ. ಯಾರೋ ಕಿಸಕ್ಕನೆ ನಕ್ಕರು. ಊರಿಗೆಲ್ಲ ಬಟ್ಟೆ ಹೊಲಿಯುವ ಹೊಲಿಗೆ ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದಳು.

ಮಾತು ಕಮ್ಮಿಯೆಂದು ಊರೇ ಮೂಗಪ್ಪ ಅನ್ನುವ ಅಂಗಡಿಯವನು ಹೇಳಿದ್ದು ಒಂದೇ ಮಾತು: "ಇದು ನಿಮಗೆ ಬೇಡ." ಮುಂದೇನೋ ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ದೋಣಿಯವನ ಮಗಳು ಕೆಂಡವಾಗಿದ್ದಳು.

ಅವಳು ಎಲ್ಲ ಟಾರ್ಚನ್ನೂ ಅಂಗಡಿಯ ಗೋಡೆಗೆ ಬಿಟ್ಟು ನೋಡಿದ್ದಳು. ಉಳಿದವುಗಳದ್ದು ಹರಡಿಕೊಂಡ ಪೇಲವ ಬೆಳಕು. ಇದರದ್ದು ನಾಣ್ಯದಷ್ಟೇ ಚಿಕ್ಕದು, ಕಣ್ಣು ಕುಕ್ಕುವಷ್ಟು ಬಿಳಿ. ಹೊಳೆಯ ಆಚೆ ದಡದಲ್ಲಿ ದೋಣಿ ಕಟ್ಟುವ ಕಂಬ ಮುಟ್ಟಬೇಕೆಂದರೆ ಇದೇ. ಇಂಥದ್ದು ಬೇಡವಂತೆ... ದೋಣಿಯವರ ಕೈಗೆ ಹೊಂದಲ್ಲ ಅಂತ ತಾನೇ?

ಅವನು ತಲೆ ತಗ್ಗಿಸಿ ಕಟ್ಟಿಕೊಟ್ಟ.

ಅಂದಿನಿಂದ ಸಂಜೆಯ ಕೊನೆಯ ದೋಣಿಗೆ ಅವನು ಬರಲಿಲ್ಲ. ಸೈಕಲ್ ತುಳಿದು, ಸೇತುವೆ ಸುತ್ತಿ ಆಚೆ ದಡದ ಮನೆಗೆ ಹೋಗುತ್ತಾನಂತೆ. ಹೋಗಲಿ, ಯಾರಿಗೇನು... ಆದರೂ ಹಿಂದಿನ ಹಲಗೆಯಲ್ಲಿ ಅವನು ಕೂರುತ್ತಿದ್ದ ಮೂಲೆ, ಬಿದ್ದ ಹಲ್ಲಿನ ಸಂದಿಯ ಹಾಗೆ ಅವಳನ್ನು ಕಾಡುತ್ತಿತ್ತು.

ಕತ್ತಲಾದರೆ ಅಪ್ಪನಿಗೆ ಕಣ್ಣು ಮಂಜು. ಹುಟ್ಟು ಅಪ್ಪನದು, ಕಣ್ಣು ಮಗಳದು. ಮುಂದೆ ಕೂತು ಅವಳು 'ಎಡಕ್ಕೆ', 'ಬಲಕ್ಕೆ' ಅನ್ನಬೇಕು. ಅವಳ ಮಾತು ತಪ್ಪಿದರೆ ದೋಣಿಯೇ ತಪ್ಪಿದಂತೆ. 

ಒಂದು ಸಂಜೆ ಹೊಳೆಗೆ ಕೆಂಪು ನೀರು ಬಂದಿತ್ತು. ದೋಣಿಯಲ್ಲಿ ಅಪ್ಪ, ಮಗಳು ಇಬ್ಬರೇ.

"ನೇರ ಹೋಗಪ್ಪ."

"ನೇರಾನಾ? ಏನೋ ಸದ್ದು ಬಂತಲ್ಲೇ."

"ಕಂಬ ಕಾಣ್ತಿದೆ. ನೇರ."

ಕಂಬ ಕಾಣುತ್ತಿತ್ತು. ಕಂಬ ಮಾತ್ರ. ದೋಣಿಯ ಪಕ್ಕಕ್ಕೇ ತೇಲಿ ಬಂದ ಮರದ ಬೊಡ್ಡೆ ಕಾಣಲಿಲ್ಲ.

ದಡಾರನೆ ಬಡಿಯಿತು. ತಿರುಗಿ ನೋಡಿದರೆ ಅಪ್ಪನ ಹಲಗೆ ಖಾಲಿ.

"ಅಪ್ಪಾ..."

ಟಾರ್ಚ್ ತಿರುಗಿಸಿದಳು. ನೀರಿನ ಮೇಲೆ ಒಂದು ನಾಣ್ಯ ಬೆಳಕು, ಅದರ ಸುತ್ತ ಮಸಿ. ಇಲ್ಲಿ ಹಿಡಿದರೆ ಅಲ್ಲಿ ಕಾಣದು, ಅಲ್ಲಿ ಹಿಡಿದರೆ ಇಲ್ಲಿ ಕಾಣದು. ಇಷ್ಟು ದೊಡ್ಡ ಹೊಳೆಯನ್ನು ನಾಣ್ಯ ನಾಣ್ಯವಾಗಿ ಹುಡುಕೋದು ಹೇಗೆ? ನೇರ ಅಂದವಳು ನಾನೇ... ನಾನೇ...

ಆಗ ಆಚೆ ದಡದಿಂದ ಇನ್ನೊಂದು ಬೆಳಕು ಬಂತು. ಮಂದ, ಆದರೆ ಕಂಬಳಿ ಹಾಸಿದಷ್ಟು ಅಗಲ. ಅದರ ಅಂಚಿನಲ್ಲಿ ಬೊಡ್ಡೆ. ಬೊಡ್ಡೆಗೆ ಜೋತುಬಿದ್ದ ಒಂದು ಕೈ.

ಗಳ ಚಾಚಿದಳು. ಅಪ್ಪ ಹಿಡಿದ. ದೋಣಿ ದಡದ ಹತ್ತಿರ ಬರುತ್ತಲೇ ಎದೆಮಟ್ಟ ನೀರಿಗಿಳಿದು ಹಗ್ಗ ಎಳೆದವನು ಅಂಗಡಿಯವನೇ.

ದಡದಲ್ಲಿ ಅವಳ ಹಲ್ಲು ಕಟಕಟ ಅನ್ನುತ್ತಿತ್ತು. "ನೀನ್ಯಾಕೆ ಇಲ್ಲಿ?"

"ದಿನಾ ಇರ್ತೀನಿ. ದೋಣಿ ಮುಟ್ಟೋವರೆಗೂ."

"ಅವತ್ತೇ ಬಾಯಿಬಿಟ್ಟು ಹೇಳಬಾರದಿತ್ತಾ?"

"ನೀವು ಬಿಡಲಿಲ್ಲ."

ಅಪ್ಪ ಕುಡಿದ ನೀರು ಕಾರಿ, ಭುಜ ಹಿಡಿದುಕೊಂಡೇ ಅಂದ, "ಇವಳ ಬಾಯಿ ಈ ಹೊಳೆಗಿಂತ ಜೋರು ಕಣಪ್ಪ. ಸೆಳವು ನೋಡಿ ನುಗ್ಗಬೇಕು."

"ಆ ಟಾರ್ಚ್ ಕೆಟ್ಟದ್ದಲ್ಲ," ಅಂದ ಅವನು. "ಗುಡ್ಡದ ಮೇಲೆ ನಿಂತು ದೂರ ನೋಡೋರಿಗೆ ಸರಿ. ನಿಮಗೆ ದೂರಾನೂ ಕಾಣಬೇಕು, ಸುತ್ತಾನೂ ಬೆಳಕು ಚೆಲ್ಲಬೇಕು. ಅಂಗಡಿ ಗೋಡೆ ಮೇಲೆ ಅದು ಗೊತ್ತಾಗಲ್ಲ."

ಅವಳು ಅವನ ಟಾರ್ಚ್ ಕಸಿದು ಹೊಳೆಗೆ ಹಿಡಿದಳು. "ಇದೂ ಆಗಲ್ಲ. ಅರ್ಧ ಹೊಳೆಗೇ ಸುಸ್ತಾಗುತ್ತೆ. ಇದನ್ನ ಕೊಟ್ಟಿದ್ರೆ ಕಂಬಾನೇ ಸಿಗ್ತಿರಲಿಲ್ಲ."

"ಗೊತ್ತು. ಅದಕ್ಕೇ ದಿನಕ್ಕೊಂದು ತಂದು ನೋಡ್ತಿದ್ದೆ."

ಅವಳು ಟಾರ್ಚನ್ನು ಅವನ ಕೈಗೆ ಮರಳಿಸಿದಳು.

ಮರುದಿನ ಅಪ್ಪನ ಭುಜಕ್ಕೆ ಪಟ್ಟಿ. ಹುಟ್ಟು ಅವಳ ಕೈಗೆ ಬಂತು. ಕೊನೆಯ ದೋಣಿಗೆ ಅವನು ಸೈಕಲ್ಲನ್ನೂ ಹತ್ತಿಸಿ, ಚೀಲದ ತುಂಬ ಟಾರ್ಚ್ ಇಟ್ಟುಕೊಂಡು ಮುಂದೆ ಕೂತ.

"ಇದು?"

"ಕಂಬ ಕಾಣ್ತು. ಹುಟ್ಟಿನ ತುದಿ ಕಾಣಲಿಲ್ಲ."

"ಇದು?"

"ಹುಟ್ಟು ಕಾಣ್ತು. ಕಂಬ ಎಲ್ಲಿ?"

ಮತ್ತೊಂದು ಹಚ್ಚಿದ. ನಡುವಿನ ಗಟ್ಟಿ ಬೆಳಕು ಹೋಗಿ ಕಂಬ ಮುಟ್ಟಿತು. ಸುತ್ತ ಮೆತ್ತಗೆ ಚೆಲ್ಲಿದ್ದು ಎರಡೂ ಹುಟ್ಟಿನ ಆಚೆಗೆ ಹರಡಿತು. ನೀರಿನ ಮೇಲಿನ ಕಡ್ಡಿ ಕೂಡ ಕಂಡಿತು.

"ಇದೇ," ಅಂದರು ಇಬ್ಬರೂ.

"ಎಡಕ್ಕೆ... ನಿಧಾನ... ಈಗ ನೇರ," ಅನ್ನುತ್ತ ಹೋದ ಅವನು.

"ಮೂಗಪ್ಪ ಮಾತಾಡ್ತಾನಲ್ರೋ," ಅಂದಳು ಹೊಲಿಗೆ ಅತ್ತೆ. ದೋಣಿಯೇ ಅಲ್ಲಾಡುವಂತೆ ಎಲ್ಲರೂ ನಕ್ಕರು. ಹುಟ್ಟು ಹಿಡಿದವಳು ಮಾತ್ರ ನಗಲಿಲ್ಲ. 

ದಡ ಮುಟ್ಟಿತು. ಯಾರೂ ಇಳಿಯುವ ಮುಂಚೆ ಅವಳು ಎದ್ದು ನಿಂತಳು.

"ಅವತ್ತು ಎಲ್ಲರ ಮುಂದೆ ಅಂದೆ. ಇವತ್ತೂ ಎಲ್ಲರ ಮುಂದೆ ಕೇಳ್ತೀನಿ. ತಪ್ಪಾಯ್ತು. ಮತ್ತೆ... ನಾಳೆಯಿಂದ ನನ್ನ ಮುಂದೆ ಕೂತು ದಾರಿ ಹೇಳ್ತೀಯಾ? ಅಪ್ಪನ ಭುಜ ಸರಿಹೋಗೋವರೆಗೆ ಅಲ್ಲ. ಯಾವಾಗಲೂ."



ಅವನು ಎದ್ದ. ಜೇಬಿಗೆ ಕೈ ಹಾಕಿ ಸೈಕಲ್ಲಿನ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟ. ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಚ್ಚಿದ. ಇಳಿದ.

ಸೈಕಲ್ ದೋಣಿಯಲ್ಲೇ ಉಳಿಯಿತು. ಇನ್ನು ಸೇತುವೆ ಸುತ್ತುವವರು ಯಾರು?

"ಬೆಳಿಗ್ಗೆ ಬೇಗ ಬಾ," ಅಂದಳು. 

ಅವನು ದಡ ಹತ್ತಿ ನಡೆದ. ಅವಳು ಹೊಸ ಟಾರ್ಚ್ ಹಿಡಿದು ನಿಂತಳು. ಬೆಳಕು ಅವನ ಬೆನ್ನನ್ನು ಮುಟ್ಟಿತ್ತು, ಅವಳ ಕಾಲ ಬಳಿಯೂ ಚೆಲ್ಲಿತ್ತು.