ಸವಡಿ ರಸ್ತೆಯ ಮೂಕ ಚಾರ್ಜರ್

ಒಂದಾನೊಂದು ಕಾಲದಲ್ಲಿ, ಅಂದರೆ ಮೊನ್ನೆ ಮೊನ್ನೆಯ ಅಮಾವಾಸ್ಯೆಗೆ, ರೋಣದಿಂದ ಸವಡಿಗೆ ಹೋಗುವ ರಸ್ತೆಯಲ್ಲೊಂದು ಕಬ್ಬಿಣದ ಭೂತವಿತ್ತು. ತನಗಾಗಿ ಅನ್ನ ಕೇಳುತ್ತಿರಲಿಲ್ಲ. ಬಂದ ಬ್ಯಾಟರಿ ಆಟೋಗಳಿಗೆಲ್ಲ ತಾನೇ ಉಣಿಸಿ ಕಳಿಸುತ್ತಿತ್ತು. ಹಗಲಿರುಳು ಗಾಳಿಯಲ್ಲಿ ತನ್ನ ಕಂಪನಿಯೊಂದಿಗೆ ಮಾತಾಡುತ್ತಿತ್ತು. ಅಮಾವಾಸ್ಯೆಯ ಮಧ್ಯಾಹ್ನ ಆ ಮಾತು ನಿಂತಿತು. ಮಾತು ನಿಂತೊಡನೆ ಕರೆಂಟೂ ನಿಂತಿತು.

ಅದನ್ನು ಮೊದಲು ಕಂಡವಳು ಗುಲ್ಷನ. ಗಜೇಂದ್ರಗಡದ ಆಟೋಗಳು ಸಾಲಾಗಿ ನಿಂತಿದ್ದವು. ಚಾರ್ಜರಿನ ಮೇಲೆ ಕೆಂಪು ದೀಪ. ಮರುದಿನ ಬೆಳಿಗ್ಗೆ ಪೊಲೀಸರು ಅವಳ ಗಂಡ ಇಲಿಯಾಸನನ್ನು ಜೀಪಿನಲ್ಲಿ ಕರೆದೊಯ್ದರು. ಚಾರ್ಜರ್ ನೋಡಿಕೊಳ್ಳುವ ಕೆಲಸ ಅವನದೇ ಆಗಿತ್ತು.

ಎಸ್‌ಐ ರಾಜೇಶ್ವರಿ ನರಗುಂದದ ಬಂದೋಬಸ್ತು ಮುಗಿಸಿ ಆಗಷ್ಟೇ ಠಾಣೆಗೆ ಬಂದಿದ್ದಳು. ಕಣ್ಣುಗಳು ಉರಿಯುತ್ತಿದ್ದವು.

"ಯಾರೋ ವೈಫೈ ಸೆಟ್ಟಿಂಗ್ ಕೆಡಿಸಿದ್ದಾರೆ," ಎಂದಿದ್ದ ಕಂಪನಿಯವನು ಫೋನಿನಲ್ಲಿ. "ಪಾಸ್‌ವರ್ಡ್ ಗೊತ್ತಿರೋದು ಇಲಿಯಾಸನಿಗೆ. ಅವನನ್ನು ಕೆಲಸದಿಂದ ತೆಗೀತೀವಿ."

ರಾಜೇಶ್ವರಿ ಇಲಿಯಾಸನ ಕಡೆ ತಿರುಗಿದಳು. "ಕಂಪನಿಯವರ ಮುಂದ ‘ನಾ ಇಲ್ಲಂದ್ರ ಇದು ಹ್ಯಾಂಗ ನಡೀತದ ನೋಡೂಣು’ ಅಂದಿದ್ದಿಯಂತಲ್ಲ?"

"ಸಿಟ್ಟಿನ್ಯಾಗ ಅಂದೀನ್ರಿ. ಅಂದಾವ ಮಾಡ್ತಾನೇನ್ರಿ?"

"ಅಂದಾವರ ಭಾಳ ಸಲ ಮಾಡಿರ್ತಾರಪಾ. ಪಾಸ್‌ವರ್ಡ್ ಮತ್ತ್ಯಾರಿಗೆ ಗೊತ್ತು?"

"ಚಾರ್ಜರಿನ ಬಾಗಲದ ಒಳಗ ಚೀಟಿ ಅಂಟಿಸ್ಯಾರ್ರಿ. ತಗದು ನೋಡಿದ್ರ ಯಾರಿಗರೆ ಕಾಣ್ತದ. ನನಗ ಬಾಯಿಪಾಠ. ಬಾಗಲಾ ತಗೀದನ ರಸ್ತೆದಾಗ ನಿಂತು ಫೋನಿನ್ಯಾಗ ಸೆಟ್ಟಿಂಗ್ ಮಾಡ್ತೀನಿ."

"ಹೇಳ್ರಿ, ಇನ್ನೂ ಹೇಳ್ರಿ!" ಗಂಡನ ಹಿಂದೆಯೇ ಠಾಣೆಗೆ ಬಂದಿದ್ದ ಗುಲ್ಷನ ಹಣೆ ಬಡಿದುಕೊಂಡಳು. "ನಿಮ್ಮ ಬಾಯಿನ ನಿಮ್ಮ ವೈರಿ. ಮ್ಯಾಡಮ್ಮಾರ, ಓಣಿ ಮಂದಿ ನಮ್ಮ ಬಾಗಲಾ ನೋಡಕೋತ ಅಡ್ಡಾಡಾಕತ್ತಾರ್ರಿ."

ರಾಜೇಶ್ವರಿ ಟೋಪಿ ಎತ್ತಿಕೊಂಡಳು. "ಸಂಜಿ ನಮಾಜಿನೊಳಗ ಖರೇ ಕಳ್ಳನ್ನ ಹಿಡದು, ಇವನ ಕೈಲೇ ಅದನ್ನ ಚಾಲೂ ಮಾಡಸ್ತೀನಿ. ಇವನ ಕಳ್ಳ ಆದ್ರ ಮಾತ್ರ ನನಗ ಬೈಬ್ಯಾಡ."

* * *

ಚಾರ್ಜರ್ ಇದ್ದದ್ದು ಶಿವನಪ್ಪನ ಹಿಟ್ಟಿನ ಗಿರಣಿಯ ಗೋಡೆಗೆ. ಗಿರಣಿಯ ಬೀಗದ ಕೈ ಶಿವನಪ್ಪನ ಉಡಿದಾರದಲ್ಲಿ. ಚಾರ್ಜರಿನ ಬಾಗಿಲಿನ ಸಂದಿಯ ಮೇಲೆ ಅಡ್ಡಲಾಗಿ ಮೂರು ಬಿಳಿ ಪಟ್ಟೆ. ಅಮಾವಾಸ್ಯೆಯ ಪೂಜೆ.

ಗಿರಣಿಯ ಆಳು ಹಾಲೇಶ ಮುಚ್ಚಿಟ್ಟು ಮಾತಾಡಲಿಲ್ಲ. "ಈ ಡಬ್ಬಿ ಕಿತಗೊಂಡ ಹೋದ್ರ ನಾ ಪೇಢೆ ಹಂಚ್ತೀನ್ರಿ. ಆಟೋ ಅಡ್ಡ ನಿಂತು ಹೆಣ್ಣಮಕ್ಕಳು ಒಳಗ ಬರಾಕ ಆಗವಲ್ದು."

"ನಿನ್ನೆ ಎಲ್ಲಿದ್ದಿ?"

"ಅಮಾಸಿಗೆ ಗಿರಣಿ ಬಂದ್ ಇತ್ರಿ. ಪುರ್ತಗೇರಿಗೆ ಹೋಗಿದ್ದೆ, ಅತ್ತಿ ಮನಿಗೆ."

ರಾಜೇಶ್ವರಿ ಫೋನ್ ಹಚ್ಚಿದಳು. ಅಳಿಯ ಬಂದದ್ದು ಖರೇ, ಹೋಳಿಗೆ ಬುಟ್ಟಿ ಖಾಲಿ ಮಾಡಿ ಸಂಜೆತನಕ ಗೊರಕೆ ಹೊಡೆದದ್ದೂ ಖರೇ ಎಂದಳು ಅತ್ತೆ.

ದಾರಿ ಮುಚ್ಚಿತು. ಪಟ್ಟೆ ಮುರಿದಿಲ್ಲ. ಅಂದಮೇಲೆ ಪೂಜೆಯಾದ ಮೇಲೆ ಬಾಗಿಲು ತೆಗೆದಿಲ್ಲ. ತೆಗೆಯದೆ ಕೆಡಿಸಬಲ್ಲವನು ಒಬ್ಬನೇ, ಇಲಿಯಾಸ. ಗುಲ್ಷನಳಿಗೆ ಏನು ಹೇಳುವುದು? ರಾಜೇಶ್ವರಿ ಜೋಳದ ಚೀಲದ ಮೇಲೆ ಕುಸಿದು ಕೂತಳು. ಏಳಲು ಮನಸ್ಸಿಲ್ಲ. ಸುಮ್ಮನೆ ಗೋಡೆ ನೋಡಿದಳು.

ಇರುವೆಗಳು. ಸಾಲುಗಟ್ಟಿ ಆ ಪಟ್ಟೆಗೇ ಹತ್ತುತ್ತಿದ್ದವು.

ವಿಭೂತಿಗೆ ಇರುವೆಯೇ?

ಬೆರಳಿಗೆ ಹತ್ತಿಸಿ ನಾಲಿಗೆಗೆ ಮುಟ್ಟಿಸಿದಳು. ಶಿವನಪ್ಪನ ಹೆಂಡತಿ ಮಾಯವ್ವನನ್ನು ಕೂಗಿದಳು.

"ನಿನ್ನೆ ಇದಕ್ಕೇನ ಹಚ್ಚಿದ್ದಿ ಯವ್ವಾ?"

"ವಿಭೂತಿರಿ. ಮಠದ್ದು. ಮುಂಜಾನೆ ನಾನ ಹಚ್ಚೀನಿ."

* * *

ಸಂಜೆ ಗಿರಣಿಯ ಅಂಗಳದಲ್ಲಿ ಎಲ್ಲರೂ ಸೇರಿದರು. ಇಲಿಯಾಸನನ್ನೂ ಠಾಣೆಯಿಂದ ಕರೆತಂದರು.

"ಇದು ವಿಭೂತಿ ಅಲ್ಲ, ಜೋಳದ ಹಿಟ್ಟು," ಎಂದಳು ರಾಜೇಶ್ವರಿ. "ಪೂಜಿ ಆದಮ್ಯಾಲೆ ಯಾರೋ ಬಾಗಲಾ ತಗದಾರ. ವಿಭೂತಿ ಅಳಿಸೇತಿ. ಹಿಟ್ಟಿನಲೆ ತಿದ್ದ್ಯಾರ. ಇಲಿಯಾಸಗ ಪಾಸ್‌ವರ್ಡ್ ಬಾಯಿಪಾಠ, ಬಾಗಲಾ ಯಾಕ ತಗೀತಾನ? ಚೀಟಿ ಓದಬೇಕಾದಾವ ತಗದಾನ. ಹಾಲೇಶ ಊರಾಗಿರಲಿಲ್ಲ. ಗಿರಣಿ ಬಂದ್ ಇತ್ತು. ಹಿಟ್ಟು ಒಳಗ, ಬೀಗದ ಕೈ ನಿಮ್ಮ ಉಡದಾರದಾಗ. ಹೌದಲ್ರಿ ಶಿವನಪ್ಪಾರ?"

ಶಿವನಪ್ಪ ಉಡಿದಾರದ ಬೀಗದ ಕೈ ಮುಟ್ಟಿಕೊಂಡ.

"ವಿಭೂತಿ ಗಟ್ಟಿ ಮನ್ಯಾಗಿತ್ರಿ," ಎಂದ. "ಅಮಾಸಿ ದಿನ ಪೂಜಿ ಅಳಿಸಿ ಬೋಳು ಹಣಿ ಬಿಡಾಕ ಕೈ ಬರಲಿಲ್ಲ."

"ನಮ್ಮ ಯಜಮಾನ್ರ ಹಣಿ ಮ್ಯಾಲೆ ಮಸಿ ಬಳಿಯಾಕ ಕೈ ಬಂತೇನ್ರಿ ಕಾಕಾ?" ಎಂದಳು ಗುಲ್ಷನ.

ಅವನು ಅವಳತ್ತ ನೋಡಲಿಲ್ಲ. "ಇಲಿಯಾಸನ ಹಿಡೀತಾರಂತ ಗೊತ್ತಿರಲಿಲ್ಲವ್ವಾ. ಹಿಡದಮ್ಯಾಲೆ ಬಾಯಿ ಬಿಡಾಕ ಧೈರ್ಯ ಆಗಲಿಲ್ಲ. ಇದು ಕರೆಂಟ್ ಎಳದ್ರ ನನ್ನ ಗಿರಣಿ ಕಲ್ಲು ಜೋರ ತಿರಗೂದಿಲ್ಲ. ಹಿಟ್ಟು ನುಣ್ಣಗ ಬರೂದಿಲ್ಲ. ಕೆಟ್ಟು ಕುಂತ್ರ ಕಂಪನಿಯವರ ಒಯ್ತಾರ ಅಂದಕೊಂಡೆ. ಇಲಿಯಾಸ ಮಾಡೂದ ಬಾಜೂಕ ನಿಂತ ನೋಡಿದ್ದೆ. ವೈಫೈ ಹೆಸರಿನ್ಯಾಗ ಒಂದಕ್ಷರ ಅಳಿಸಿದೆ. ಅಷ್ಟ."

ಮಾಯವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

"ನಡೀರಿ, ಜೀಪ್ ಹತ್ರಿ," ಎಂದಳು ರಾಜೇಶ್ವರಿ. ಗೆದ್ದ ದನಿ ಅದಲ್ಲ. ಕಂಪನಿಯವನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಇಲಿಯಾಸನನ್ನು ತೆಗೆಯುವ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಅವಳು ಇಲಿಯಾಸನತ್ತ ಕೈ ಮಾಡಿದಳು. "ಲಗೂ ಮಾಡಪಾ."

ಇಲಿಯಾಸ ಫೋನಿನಲ್ಲಿ ಚಾರ್ಜರಿನ ಸೆಟ್ಟಿಂಗ್ ತೆರೆದ. ವೈಫೈ ಹೆಸರು ಸರಿಪಡಿಸಿದ. ಪಾಸ್‌ವರ್ಡ್ ಒತ್ತಿದ. ಚಾರ್ಜರ್ ಒಮ್ಮೆ ಕಣ್ಣು ಮುಚ್ಚಿತು. ಮಸೀದಿಯ ಕಡೆಯಿಂದ ಬಾಂಗು ಕೇಳಿತು.

ಹಸಿರು ದೀಪ ಹತ್ತಿತು.

ಗುಲ್ಷನ ಹತ್ತಿರದ ಆಟೋಗೆ ವೈರು ಸಿಕ್ಕಿಸಿದಳು. ಒಳಗೆ ಹಾಲೇಶ ಓಡಿಸುತ್ತಿದ್ದ ಗಿರಣಿಯ ಸದ್ದು ಮೆಲ್ಲಗೆ ಕುಗ್ಗಿತು. ಜೀಪಿನಲ್ಲಿ ಕೂತಿದ್ದ ಶಿವನಪ್ಪ ತಲೆ ಎತ್ತಿದ. ಎಲ್ಲರಿಗೂ ಕೇಳಿಸಿತು. ಚಾರ್ಜರ್ ಮಾತ್ರ ಉಣಿಸುತ್ತಲೇ ಇತ್ತು.